ಅಮೆರಿಕೆಯ ಇಟಾಲಿಯನ್ ಖಾನಾವಳಿ

ಈ ಲೇಖನಕ್ಕೆ ಕಾರಣವಾದುದು ಒಂದು ರಾತ್ರಿಯ ಊಟ. ಅದಕ್ಕಿಂತ ಹೆಚ್ಚಾಗಿ, ಆ ಊಟದ ನಡುವೆ ಕಿವಿಗೆ ಬಿದ್ದ ಒಂದು ಶಬ್ದ. ಅಮೆರಿಕೆಯ ನ್ಯೂ ಜರ್ಸಿ ಸಂಸ್ಥಾನದಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದು ಬರುವ ಪ್ರಸಂಗ ನನಗೆ ಒದಗಿತ್ತು. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಣ್ಣ ಇಟಾಲಿಯನ್ ಭೋಜನಶಾಲೆ ಇತ್ತು. ಹನ್ನೆರಡೋ ಹದಿಮೂರೋ ಮೇಜುಗಳು. ಅವುಗಳ ಮೇಲೆ ಕೆಂಪು-ಬಿಳಿ ಚೌಕಳಿಯ ಹಾಸು. ಗೋಡೆಯ ಮೇಲೆ ನೇಪಲ್ಸ್ ಕೊಲ್ಲಿಯ ಚಿತ್ರ, ಅದರ ಪಕ್ಕದಲ್ಲಿ ಮನೆಯ ಹಿರಿಯರ ಮಾಸಿದ ಭಾವಚಿತ್ರಗಳು. ಎಪ್ಪತ್ತು ದಾಟಿದ ಒಡತಿ ತಾವೇ ಮೇಜಿನಿಂದ ಮೇಜಿಗೆ ಬಂದು, ಉಣ್ಣುವವರನ್ನು ಹೆಸರು ಹಿಡಿದು ಮಾತಾಡಿಸಿ, ಇನ್ನೂ ಬೇಕೆ ಎಂದು ವಿಚಾರಿಸುತ್ತಿದ್ದರು. ಧಾರವಾಡದಲ್ಲಿ ವಿದ್ಯಾರ್ಥಿಯಾಗಿದ್ದಾಗ ತಿಂಗಳ ಲೆಕ್ಕದ ಮೇಲೆ ನಾನು ಉಣ್ಣುತ್ತಿದ್ದ ಖಾನಾವಳಿಯೇ ಕಣ್ಣಿಗೆ ಕಟ್ಟಿದಂತಾಯಿತು. ಆದುದರಿಂದ ಈ ಲೇಖನದಲ್ಲಿ ಅಂತಹ ಭೋಜನಶಾಲೆಗಳನ್ನು ಖಾನಾವಳಿಯೆಂದೇ ಕರೆಯುತ್ತೇನೆ. ಹೆಸರು ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದು ಮುಂದೆ ವಾಚಕರಿಗೆ ತಿಳಿದುಬರುವುದು.

ಆ ರಾತ್ರಿ ಪಕ್ಕದ ಮೇಜಿನಲ್ಲಿ ಕುಳಿತಿದ್ದ ತರುಣನೊಬ್ಬನು ಯಾವುದೋ ಪದಾರ್ಥವನ್ನು ಕೇಳಿದನು. ಒಡತಿ ಅದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತ “ಗಬಗೂಲ್” ಎಂದು ಉಚ್ಚರಿಸಿದರು. ತರುಣನು ನಕ್ಕು, ಆ ಪದವು ‘ಕಾಪೊಕೊಲ್ಲೊ’ ಎಂದೂ, ತಾನು ಇಟಲಿಯಲ್ಲಿ ಎರಡು ವರ್ಷ ಓದಿ ಬಂದವನೆಂದೂ, ಅಲ್ಲಿ ತಾನು ಒಮ್ಮೆಯೂ ಹೀಗೆ ಕೇಳಲಿಲ್ಲವೆಂದೂ ತಿಳಿಸಿದನು. ಒಡತಿಯ ಮುಖ ಕೆಂಪಾಯಿತು. ಮರುಮಾತಾಡದೆ ಒಳಗೆ ಹೋದರು. ಅದು ಹಂದಿಯ ಕೊರಳಿನ ಭಾಗಕ್ಕೆ ಉಪ್ಪು ಹಚ್ಚಿ ಹದಮಾಡಿದ ಮಾಂಸವೆಂದು ನನಗೆ ಆಮೇಲೆ ತಿಳಿಯಿತು. ಆ ಪದಾರ್ಥಕ್ಕೂ ನನಗೂ ಸಂಬಂಧವಿಲ್ಲ. ಶಬ್ದಕ್ಕೂ ನನಗೂ ಉಂಟು. ತಿದ್ದಿದ ಆ ತರುಣನು ಹೇಳಿದ್ದು ಸುಳ್ಳಲ್ಲ. ಆದರೆ ತಾನು ಕೈಹಾಕಿದ್ದು ಎಷ್ಟು ಹಳೆಯ ಗಾಯಕ್ಕೆ ಎಂಬುದು ಅವನಿಗೆ ಗೊತ್ತಿದ್ದಂತೆ ತೋರಲಿಲ್ಲ. ನನಗೂ ಅಂದು ಗೊತ್ತಿರಲಿಲ್ಲ. ಮುಂದಿನ ವಾರಗಳಲ್ಲಿ ಊರಿನ ಪುಸ್ತಕಭಂಡಾರದಲ್ಲಿ ಕುಳಿತು ಓದಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇನೆ.

ಹಲವು ಸಂಸ್ಥಾನಗಳಾಗಿ ಒಡೆದುಹೋಗಿದ್ದ ಇಟಲಿಯು ಒಂದು ರಾಜ್ಯವೆನಿಸಿದ್ದು 1861ರಲ್ಲಿ. ಐಕ್ಯದಿಂದ ಸುಖ ಬರುವುದೆಂದು ದಕ್ಷಿಣದ ಬಡವರು ನಂಬಿದ್ದರೆ, ಅವರಿಗೆ ಮೊದಲು ಬಂದದ್ದು ತೆರಿಗೆ. 1869ರ ಆರಂಭದಿಂದ ಗಿರಣಿಗೆ ಹಾಕಿದ ಕಾಳಿನ ಮೇಲೆಯೇ ಕಂದಾಯ ಬಿದ್ದಿತು. ಬೀಸುವ ಕಲ್ಲು ಎಷ್ಟು ಸುತ್ತು ತಿರುಗಿತೆಂದು ಎಣಿಸುವ ಯಂತ್ರವನ್ನು ಗಿರಣಿಗಳಿಗೆ ಜೋಡಿಸಿದ್ದರಂತೆ! ದಂಗೆಗಳಾದವು, ಜನ ಸತ್ತರು. ಅದು ಪೂರ್ತಿಯಾಗಿ ತೊಲಗಿದ್ದು 1884ರಲ್ಲಿ. ನೆಲವೆಲ್ಲ ದೂರದ ಪಟ್ಟಣಗಳಲ್ಲಿ ವಾಸಿಸುವ ಜಮೀನುದಾರರದು. ಒಕ್ಕಲಿಗನು ಬೆಳೆದ ಬಿಳಿಯ ಗೋದಿ, ಎಣ್ಣೆ, ಗಿಣ್ಣು ಇವೆಲ್ಲ ಧಣಿಯ ಮನೆಗೂ ಪೇಟೆಗೂ ಹೋಗುತ್ತಿದ್ದವು. ಅವನ ಪಾಲಿಗೆ ಉಳಿದುದು ಒರಟು ಹಿಟ್ಟಿನ ರೊಟ್ಟಿ, ಕೆಲವೆಡೆ ಚೆಸ್ಟ್‌ನಟ್ ಎಂಬ ಕಾಡುಕಾಯಿಯ ಹಿಟ್ಟು, ಅವರೆಯಂತಹ ಕಾಳು ಮತ್ತು ಹೊಲದ ಬದುವಿನ ಸೊಪ್ಪು. ಇಂದು ಇಟಲಿಯ ಹೆಸರು ಹೇಳಿದೊಡನೆ ನೆನಪಾಗುವ ಪಾಸ್ತ—ಗೋದಿಯ ಶಾವಿಗೆಯೆನ್ನೋಣ—ನೇಪಲ್ಸ್ ನಗರದ ಬೀದಿಗಳಲ್ಲಿ ಮಾರುತ್ತಿದ್ದರೂ, ಹಳ್ಳಿಯ ಬಡವನಿಗೆ ಹಬ್ಬದ ಅಡಿಗೆಯಾಗಿತ್ತು. ಮಾಂಸವೂ ಹಾಗೆಯೇ. ವಲಸೆಗಾರರ ಆಹಾರವನ್ನು ಕುರಿತು 2001ರಲ್ಲಿ ಒಂದು ಉತ್ತಮ ಗ್ರಂಥವನ್ನು ಪ್ರಕಟಿಸಿದ ಹಾಸಿಯಾ ಡೈನರ್ ಎಂಬ ವಿದುಷಿಯು ಈ ಅಂಶವನ್ನು ವಿಸ್ತಾರವಾಗಿ ನಿರೂಪಿಸಿರುತ್ತಾರೆ. ಹಸಿದವರು ತಮ್ಮ ಊಟವನ್ನು ಕಟ್ಟಿಕೊಂಡು ಹಡಗು ಹತ್ತಲಿಲ್ಲ. ಉಣ್ಣಲು ಸಿಗದಿದ್ದುದರ ನೆನಪನ್ನು ಕಟ್ಟಿಕೊಂಡು ಹತ್ತಿದರು.

1880ರಿಂದ 1924ರ ವರೆಗೆ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕೆಯ ಸಂಯುಕ್ತ ಸಂಸ್ಥಾನಗಳಿಗೆ ಬಂದರು. ಅವರಲ್ಲಿ ಬಹುಪಾಲು ದಕ್ಷಿಣದವರು: ಕಂಪಾನಿಯ, ಕಲಾಬ್ರಿಯ, ಸಿಸಿಲಿ ಮೊದಲಾದ ಪ್ರಾಂತಗಳವರು. 1892ರಲ್ಲಿ ತೆರೆದ ಎಲ್ಲಿಸ್ ದ್ವೀಪದ ಕಟ್ಟೆಯಲ್ಲಿ ಅವರ ಕಣ್ಣು, ಶ್ವಾಸಕೋಶಗಳನ್ನು ಪರೀಕ್ಷಿಸಿ ಒಳಗೆ ಬಿಡುತ್ತಿದ್ದರು. 1908ರ ಡಿಸೆಂಬರ್ 28ರಂದು ಮೆಸ್ಸಿನಾ ನಗರವು ಭೂಕಂಪದಿಂದ ನೆಲಸಮವಾದ ಮೇಲೆ ಸಿಸಿಲಿಯಿಂದ ಹೊರಡುವವರು ಇನ್ನೂ ಇದ್ದರು. ಬಹುಮಂದಿ ಒಂಟಿ ಗಂಡಸರು. ರೈಲುದಾರಿ, ಸುರಂಗ, ಕಲ್ಲುಗಣಿಗಳಲ್ಲಿ ದುಡಿದು ಹಣದೊಡನೆ ಊರಿಗೆ ಮರಳುವುದೇ ಅವರ ಉದ್ದೇಶ. ಅನೇಕರು ಮರಳಿದರು ಕೂಡ. ಉಳಿದವರು ನ್ಯೂ ಯಾರ್ಕಿನ ಮಲ್ಬೆರಿ ಬೀದಿ, ಬಾಸ್ಟನ್ನಿನ ಉತ್ತರದ ಕೇರಿ, ದಕ್ಷಿಣ ಫಿಲಡೆಲ್ಫಿಯ ಮುಂತಾದೆಡೆಗಳಲ್ಲಿ ತಮ್ಮ ತಮ್ಮ ಹಳ್ಳಿಯವರ ನೆರೆಯಲ್ಲಿ ಬಿಡಾರ ಹೂಡಿದರು.

ಖಾನಾವಳಿಯ ಬೀಜ ಬಿದ್ದುದು ಈ ಬಿಡಾರಗಳಲ್ಲಿಯೇ. ಹೆಂಡತಿಯನ್ನು ಕರೆತಂದಿದ್ದ ಒಬ್ಬನ ಎರಡು ಕೋಣೆಯ ಮನೆಯಲ್ಲಿ ನಾಲ್ಕಾರು ಒಂಟಿ ಕೂಲಿಗಾರರು ಮಲಗುವರು. ಗೃಹಿಣಿಯು ಅವರ ಬಟ್ಟೆ ಒಗೆದು, ವಾರದ ಹಣಕ್ಕೆ ಊಟ ಬಡಿಸುವಳು. ಊರಿನ ನಾಲಗೆಗೆ ಒಪ್ಪುವ ಅಡಿಗೆಯೆಂದು ಪಕ್ಕದ ಮನೆಯ ಬಾಡಿಗೆದಾರರೂ ಬರುವರು. ಕ್ರಮೇಣ ಮುಂದಿನ ಕೋಣೆಯಲ್ಲಿ ಎರಡು ಮೇಜು, ಬಾಗಿಲ ಮೇಲೆ ಒಂದು ಹಲಗೆ. ನಮ್ಮ ಕಡೆಯ ಖಾನಾವಳಿಗಳ ಹುಟ್ಟನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯೂ ಕೈ ಹೆಂಗಸಿನದು, ಹಲಗೆಯ ಮೇಲಿನ ಹೆಸರು ಗಂಡಸಿನದು.

ಕೂಲಿಯ ಹಣ ಕೈಗೆ ಬಂದಾಗ ಆ ಜನ ಮಾಡಿದುದೇನು? ಊರಿನ ಧಣಿಯು ಉಣ್ಣುತ್ತಿದ್ದುದನ್ನು ತಾವು ಉಂಡರು. ಹಬ್ಬದ ಅಡಿಗೆಯು ಆದಿತ್ಯವಾರದ ಅಡಿಗೆಯಾಯಿತು, ಬಳಿಕ ಬುಧವಾರದ್ದೂ ಆಯಿತು. ರೊಟ್ಟಿಯ ಪುಡಿ ಹೆಚ್ಚು, ಮಾಂಸ ಕಡಿಮೆ ಸೇರಿಸಿ ಮಾಡುತ್ತಿದ್ದ ಸಣ್ಣ ಉಂಡೆಗಳಲ್ಲಿ ಮಾಂಸವೇ ಹೆಚ್ಚಾಯಿತು, ಉಂಡೆಯ ಗಾತ್ರವೂ ಬೆಳೆಯಿತು. ಇಟಲಿಯಲ್ಲಿ ಪಾಸ್ತ ಮೊದಲು, ಮಾಂಸ ಅನಂತರ, ಬೇರೆ ಬೇರೆ ತಟ್ಟೆಗಳಲ್ಲಿ. ಅಮೆರಿಕದವರಿಗೋ ಎಲ್ಲವೂ ಒಂದೇ ತಟ್ಟೆಯಲ್ಲಿ ಎದುರಿಗೆ ಬರಬೇಕು. ಹೀಗೆ ಉಂಡೆಯು ಶಾವಿಗೆಯ ಮೇಲೆ ಏರಿ ಕುಳಿತಿತು. ಬದನೆಕಾಯಿಯನ್ನು ಕರಿದು, ಟೊಮ್ಯಾಟೊ ರಸ, ಗಿಣ್ಣುಗಳ ಪದರ ಹಾಕಿ ಬೇಯಿಸುವ ದಕ್ಷಿಣ ಇಟಲಿಯ ‘ಪಾರ್ಮಿಜಾನ’ದಲ್ಲಿ ಬದನೆಯ ಸ್ಥಾನಕ್ಕೆ ಕರುವಿನ ಮಾಂಸವೂ ಕೋಳಿಯೂ ಬಂದವು. ತಟ್ಟೆ ತುಂಬಿ ಚೆಲ್ಲುವಂತೆ ಬಡಿಸುವ ಪದ್ಧತಿಯನ್ನು ಈಗಿನ ನಾಗರಿಕರು ಒರಟುತನವೆಂದು ಹಾಸ್ಯಮಾಡುತ್ತಾರೆ. ಗಿರಣಿಯ ಕಲ್ಲಿನ ಸುತ್ತುಗಳನ್ನು ಎಣಿಸಿದ ನಾಡಿನಿಂದ ಬಂದವರು ಬಡಿಸುವಾಗ ಎಣಿಸಲಿಲ್ಲ, ಅಷ್ಟೆ.

ಇನ್ನೂ ಒಂದು ಸಂಗತಿ. ತಮ್ಮ ಹಳ್ಳಿಯಲ್ಲಿದ್ದಾಗ ಇವರು ಯಾರೂ ತಮ್ಮನ್ನು ಇಟಾಲಿಯನ್ನರೆಂದು ಭಾವಿಸಿಕೊಂಡಿರಲಿಲ್ಲ. ಒಬ್ಬನು ಸಿಸಿಲಿಯವನು, ಇನ್ನೊಬ್ಬನು ಕಲಾಬ್ರಿಯದವನು. ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯುವುದೂ ಕಷ್ಟ. ಅವರನ್ನೆಲ್ಲ ಒಂದೇ ಹೆಸರಿನಿಂದ ಕರೆದವರು ಅಮೆರಿಕದವರು. ಒಂದೇ ಅಡಿಗೆಯ ಪಟ್ಟಿಯಲ್ಲಿ ನೇಪಲ್ಸಿನ ಪೀತ್ಸ, ಸಿಸಿಲಿಯ ಸಿಹಿತಿಂಡಿ ಎರಡೂ ಸೇರಿದ್ದು ಇಂತಹ ಖಾನಾವಳಿಗಳಲ್ಲಿ. ನ್ಯೂ ಯಾರ್ಕಿನ ಸ್ಪ್ರಿಂಗ್ ಬೀದಿಯಲ್ಲಿ ಲೊಂಬಾರ್ಡಿಯ ಪೀತ್ಸದಂಗಡಿಗೆ 1905ನೆಯ ವರ್ಷವನ್ನು ಹೇಳುವುದು ರೂಢಿಯಾಗಿದೆ.

ಈ ಅಡಿಗೆಯ ಜೀವಾಳವಾದ ಟೊಮ್ಯಾಟೊ ಹಣ್ಣಿನ ಕಥೆಯೂ ವಿಚಿತ್ರವಾದುದೇ. ಅದು ಮೂಲತಃ ಅಮೆರಿಕಾ ಖಂಡದ್ದು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಮೂಲಕ ಯೂರೋಪಿಗೆ ಹೋಯಿತು. ಇಟಲಿಯವರು ಅದಕ್ಕೆ ‘ಹೊನ್ನಿನ ಸೇಬು’ ಎಂದು ಹೆಸರಿಟ್ಟರೂ ಬಹುಕಾಲ ಅನುಮಾನದಿಂದಲೇ ನೋಡಿದರು. ನೇಪಲ್ಸಿನಲ್ಲಿ ಅಂತೋನಿಯೊ ಲಾತಿನಿಯು 1690ರ ದಶಕದಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿ ಟೊಮ್ಯಾಟೊ ಗೊಜ್ಜಿನ ಪ್ರಸ್ತಾಪವಿದೆ. ಅದನ್ನು ಆತನು ಸ್ಪೇನಿನ ಪದ್ಧತಿಯದೆಂದು ಕರೆದಿದ್ದಾನೆ. ಪಾಸ್ತದೊಡನೆ ಅದರ ವಿವಾಹವಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ತರುವಾಯ ತಗಡಿನ ಡಬ್ಬಿಗಳಲ್ಲಿ ಕುಳಿತು, ವಲಸೆಗಾರರ ಹಿಂದೆಯೇ, ತನ್ನ ಜನ್ಮಭೂಮಿಗೆ ಪರದೇಶಿಯಾಗಿ ಮರಳಿ ಬಂದಿತು! ಇದನ್ನು ಕೇಳಿ ನಗುವ ಮುನ್ನ ನಮ್ಮ ಬ್ಯಾಡಗಿಯ ಮೆಣಸಿನಕಾಯಿಯನ್ನು ನೆನೆಯಬೇಕು. ಅದರ ಪೂರ್ವಿಕರೂ ಅದೇ ಖಂಡದವರು, ಪೋರ್ತುಗೀಜರ ಹಡಗಿನಲ್ಲಿ ಬಂದವರು. 2011ರಲ್ಲಿ ಅದೇ ಬ್ಯಾಡಗಿಗೆ ಈ ನೆಲದ ವಿಶಿಷ್ಟ ಬೆಳೆಯೆಂದು ಭೌಗೋಳಿಕ ಗುರುತು ದೊರೆಯಿತು. ಪಾಸ್ತಕ್ಕೆ ಬೇಕಾದ ಗಟ್ಟಿ ಗೋದಿಯೂ ಅಮೆರಿಕೆಯಲ್ಲಿ ಸ್ಥಳದ್ದಲ್ಲ. ಅಲ್ಲಿಯ ಕೃಷಿ ಇಲಾಖೆಯ ಮಾರ್ಕ್ ಕಾರ್ಲ್ಟನ್ ಎಂಬಾತನು 1898ರಲ್ಲಿ ರಷ್ಯಕ್ಕೆ ಹೋಗಿ ‘ಕುಬಾಂಕ’ ಎಂಬ ತಳಿಯನ್ನು ತಂದು ಬೆಳೆಯಿಸಿದನು. ಹಣ್ಣು ಮೆಕ್ಸಿಕೊ ಕಡೆಯದು, ಗೋದಿ ರಷ್ಯದ್ದು, ಕೈ ಕಲಾಬ್ರಿಯದ್ದು. ಇದರಲ್ಲಿ ‘ಶುದ್ಧ’ವೆಂಬುದನ್ನು ಎಲ್ಲಿ ಹುಡುಕುವುದು?

ಈ ಜನರನ್ನು ಅಮೆರಿಕದವರು ಪ್ರೀತಿಯಿಂದ ಬರಮಾಡಿಕೊಂಡರೆಂದು ತಿಳಿಯಕೂಡದು. 1891ರ ಮಾರ್ಚ್ 14ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ ಜನರ ಗುಂಪೊಂದು ಸೆರೆಮನೆಗೆ ನುಗ್ಗಿ ಹನ್ನೊಂದು ಮಂದಿ ಇಟಾಲಿಯನ್ನರನ್ನು ಕೊಂದಿತು. ಅವರ ಬೆಳ್ಳುಳ್ಳಿಯ ವಾಸನೆಯೇ ಒಂದು ಬೈಗುಳಾಯಿತು. ಮನೆಮನೆಗೆ ಹೋಗಿ ಸುಧಾರಣೆಯನ್ನು ಬೋಧಿಸುತ್ತಿದ್ದ ಸಮಾಜಸೇವಕಿಯರು, ಮಸಾಲೆ ಹಾಕಿ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುವುದು ಜೀರ್ಣಕ್ಕೂ ಸದ್ವರ್ತನೆಗೂ ಬಾಧಕವೆಂದು ಉಪದೇಶಿಸುತ್ತಿದ್ದರು. ಒಂದು ಕುಟುಂಬವು ಇನ್ನೂ ಸ್ಪಗೆಟ್ಟಿ ತಿನ್ನುತ್ತಿದ್ದರೆ ಅದು ಇನ್ನೂ ಅಮೆರಿಕದ್ದಾಗಿಲ್ಲವೆಂದು ಅವರ ಎಣಿಕೆ. 1924ರ ಶಾಸನವು ಇಟಲಿಯಿಂದ ಬರತಕ್ಕವರ ಸಂಖ್ಯೆಯನ್ನು ವರ್ಷಕ್ಕೆ ನಾಲ್ಕು ಸಾವಿರಕ್ಕಿಂತ ಕೆಳಗಿಳಿಸಿ ಬಾಗಿಲನ್ನು ಹೆಚ್ಚುಕಡಮೆ ಮುಚ್ಚಿಬಿಟ್ಟಿತು.

ಬಾಗಿಲು ಮುಚ್ಚಿದ ಕಾಲದಲ್ಲಿಯೇ ಖಾನಾವಳಿಯ ಬಾಗಿಲಿಗೆ ಹೊರಗಿನವರು ಬರತೊಡಗಿದರೆಂಬುದು ಚರಿತ್ರೆಯ ಚಮತ್ಕಾರ. ಒಂದನೆಯ ಮಹಾಯುದ್ಧದಲ್ಲಿ ಮಾಂಸವನ್ನು ಉಳಿಸಿರೆಂದು ಸರಕಾರವೇ ಸಾರಿದಾಗ ಪಾಸ್ತಕ್ಕೆ ಮೊದಲ ಮರ್ಯಾದೆ ಸಿಕ್ಕಿತು. 1920ರಿಂದ 1933ರ ವರೆಗೆ ಪಾನನಿಷೇಧವಿದ್ದಾಗ, ಮನೆಯ ಬಳಕೆಗೆ ಹಣ್ಣಿನ ರಸ ಮಾಡಿಕೊಳ್ಳಲು ಕಾಯಿದೆಯಲ್ಲಿ ಒಂದು ಸಂದು ಇತ್ತು. ಇಟಾಲಿಯನ್ನರ ನೆಲಮಾಳಿಗೆಗಳಲ್ಲಿ ದ್ರಾಕ್ಷಿಯ ರಸ ತಾನಾಗಿಯೇ ಮದ್ಯವಾಗುತ್ತಿತ್ತು. ಖಾನಾವಳಿಗಳಲ್ಲಿ ಅದನ್ನು ಕಾಫಿಯ ಬಟ್ಟಲಿನಲ್ಲಿ ಹಾಕಿ ಕೊಡುತ್ತಿದ್ದರು. ನ್ಯೂ ಯಾರ್ಕಿನ ಗ್ರೀನಿಚ್ ವಿಲೇಜಿನ ಲೇಖಕರೂ ಚಿತ್ರಕಾರರೂ ಅದಕ್ಕಾಗಿ ಬಂದವರು ಬೆಳ್ಳುಳ್ಳಿಗೂ ಒಗ್ಗಿಕೊಂಡರು. ಮದ್ಯದ ವಿಷಯದಲ್ಲಿ ನನ್ನ ಅಭಿಪ್ರಾಯ ವಾಚಕರು ಬಲ್ಲರು; ನಡೆದುದನ್ನು ಹೇಳುವುದು ಚರಿತ್ರಕಾರನ ಧರ್ಮ.

ಒಬ್ಬನ ಹೆಸರಿನ ಕಥೆಯನ್ನು ಇಲ್ಲಿ ಹೇಳಬೇಕು. ಉತ್ತರ ಇಟಲಿಯ ಪಿಯಾಚೆಂತ್ಸದಲ್ಲಿ 1897ರಲ್ಲಿ ಹುಟ್ಟಿದ ಎತ್ತೊರೆ ಬೊಯಾರ್ದಿ ಎಂಬ ಬಾಣಸಿಗನು ಓಹಾಯೊ ಸಂಸ್ಥಾನದ ಕ್ಲೀವ್ಲೆಂಡಿನಲ್ಲಿ 1920ರ ದಶಕದಲ್ಲಿ ಖಾನಾವಳಿ ತೆರೆದನು. ಅವನ ಗೊಜ್ಜು ಗಿರಾಕಿಗಳಿಗೆ ಎಷ್ಟು ಹಿಡಿಸಿತೆಂದರೆ, ಅದನ್ನು ಸೀಸೆಗಳಲ್ಲಿ ತುಂಬಿ ಮನೆಗೆ ಒಯ್ಯುತ್ತಿದ್ದರು. ಕಡೆಗೆ ಅವನು ಪೆನ್ಸಿಲ್ವೇನಿಯದಲ್ಲಿ ಕಾರ್ಖಾನೆಯನ್ನೇ ಕಟ್ಟಿದನು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗೆ ಅವನ ಡಬ್ಬಿಗಳು ಹೋದವು. ಆದರೆ ಡಬ್ಬಿಯ ಮೇಲಿನ ಹೆಸರನ್ನು ಅಮೆರಿಕದವರ ನಾಲಗೆ ತೊಡರದಂತೆ ‘ಬೊಯಾರ್ಡೀ’ ಎಂದು ಉಚ್ಚಾರದಂತೆ ಬಿಡಿಸಿ ಬರೆಯಬೇಕಾಯಿತು. ತನ್ನ ಅಪ್ಪನ ಹೆಸರನ್ನು ಗಿರಾಕಿಯ ಬಾಯಿಗೆ ಹೊಂದಿಸಿಕೊಂಡ ಆ ಮನುಷ್ಯನು ಒಳಗೆ ಏನನ್ನು ಅನುಭವಿಸಿದನೋ!

1941ರ ಡಿಸೆಂಬರಿನಲ್ಲಿ ಇಟಲಿಯೂ ಅಮೆರಿಕೆಯೂ ಶತ್ರುಗಳಾದವು. ಪೌರತ್ವದ ಕಾಗದವಿಲ್ಲದ ಸುಮಾರು ಆರು ಲಕ್ಷ ಇಟಾಲಿಯನ್ನರು ‘ಶತ್ರುದೇಶದವರು’ ಎಂಬ ಪಟ್ಟಿಗೆ ಸೇರಿದರು. ಬೇಸ್‌ಬಾಲ್ ಆಟದಲ್ಲಿ ದೇಶಕ್ಕೆಲ್ಲ ಪ್ರಿಯನಾಗಿದ್ದ ಜೋ ಡಿಮ್ಯಾಜಿಯೊನ ತಂದೆಯು ಸಾನ್ ಫ್ರಾನ್ಸಿಸ್ಕೊದಲ್ಲಿ ಬೆಸ್ತನಾಗಿದ್ದವನು. ತಾನು ಎಷ್ಟೋ ವರ್ಷ ಮೀನು ಹಿಡಿದ ಹಡಗುಕಟ್ಟೆಗೂ, ಅಲ್ಲಿದ್ದ ಮಗನ ಭೋಜನಶಾಲೆಗೂ ಅವನು ಕಾಲಿಡಬಾರದೆಂದಾಯಿತು. 1942ರ ಅಕ್ಟೋಬರ್ 12ರಂದು, ಕೊಲಂಬಸನ ದಿನ, ಆ ಕಳಂಕವನ್ನು ಸರಕಾರವು ತೆಗೆದುಹಾಕಿತು. ಆ ಕೆಲವು ತಿಂಗಳುಗಳಲ್ಲಿ ಶತ್ರುವಿನ ಭಾಷೆಯನ್ನು ಆಡಬೇಡಿರೆಂಬ ಭಿತ್ತಿಪತ್ರಗಳು ಗೋಡೆಗಳ ಮೇಲೆ ಇದ್ದವು. ಮಕ್ಕಳಿಗೆ ತಮ್ಮ ನುಡಿಯನ್ನು ಕಲಿಸುವುದನ್ನು ಅನೇಕ ಮನೆಗಳವರು ಬಿಟ್ಟರು. ಬಿಡಲಾಗದೆ ಉಳಿದವು ಒಲೆಯ ಹತ್ತಿರದ ಶಬ್ದಗಳು ಮಾತ್ರ.

ಈಗ ‘ಗಬಗೂಲ್’ ಎಂಬುದಕ್ಕೆ ಬರೋಣ. ಶಿಷ್ಟ ಇಟಾಲಿಯನ್ ಭಾಷೆಯಲ್ಲಿ ‘ಕಾಪೊಕೊಲ್ಲೊ’. ನೇಪಲ್ಸಿನ ಸುತ್ತಲಿನ ಆಡುನುಡಿಯಲ್ಲಿ ಪದದ ಕೊನೆಯ ಸ್ವರ ಸವೆದು ಬಹುತೇಕ ಕೇಳಿಸದಂತಾಗುತ್ತದೆ. ಕ, ಪ ಎಂಬ ವರ್ಣಗಳು ಮೃದುವಾಗಿ ಗ, ಬ ಗಳ ಕಡೆಗೆ ವಾಲುತ್ತವೆ. ಹಾಗೆಯೇ ‘ರಿಕೊತ್ತ’ವೆಂಬ ಮೃದುವಾದ ಗಿಣ್ಣು ‘ರಿಗಾಟ್’ ಆಗುತ್ತದೆ, ‘ಮನಿಕೊತ್ತಿ’ಯು ‘ಮನಿಗಾಟ್’ ಆಗುತ್ತದೆ. ಕಾಳು ಹಾಕಿದ ಪಾಸ್ತದ ಸಾರು ‘ಪಾಸ್ತ ಫಜೂಲ್’. ಇದನ್ನು ಓದಿದಾಗ ನಾನು ಪುಸ್ತಕವನ್ನು ಮಡಿಸಿಟ್ಟೆನು. ಇದು ನಮಗೆ ಹೊಸದೇ? ಮಲ್ಲಿಕಾ ಎಂಬುದು ಮಲ್ಲಿಗೆಯಾದದ್ದು, ಆಕಾಶವು ಆಗಸವಾದದ್ದು, ವಸತಿಯು ಬಸದಿಯಾದದ್ದು ಹೇಗೆ? ಮಳೆ ಮತ್ತು ಕಾಲ ಸೇರಿದಾಗ ಮಳೆಗಾಲವೆಂದೂ, ಕಣ್ ಮತ್ತು ಪನಿ ಸೇರಿದಾಗ ಕಂಬನಿಯೆಂದೂ ಮಕ್ಕಳಿಗೆ ಆದೇಶಸಂಧಿಯನ್ನು ನಾನೇ ಹೇಳಿಕೊಟ್ಟಿಲ್ಲವೇ? ಕಾರಣಗಳು ಬೇರೆಯಿರಬಹುದು, ಬಾಯಿಯ ದಾರಿ ಒಂದೇ. ನಮ್ಮ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸುವಾಗ, ‘ಕೆಳಗೆ ಬಿದ್ದುದು’ ಎಂಬರ್ಥದ ಅಪಭ್ರಂಶಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟು, ಬಿದ್ದ ಬಗೆಗೂ ನಿಯಮಗಳುಂಟೆಂದು ತೋರಿಸಿದನು. ಮಲ್ಲಿಗೆಯನ್ನು ಯಾರೂ ಕೆಟ್ಟ ಮಲ್ಲಿಕಾ ಎನ್ನುವುದಿಲ್ಲ.

ಪಾಠಶಾಲೆಯಲ್ಲಿ ಲಘುಕೌಮುದಿಯನ್ನು ಬಾಯಿಪಾಠ ಮಾಡಿದವನಾಗಿ ಇಷ್ಟು ತಿಳಿದಿದ್ದೂ, ಮಾಸ್ತರನಾಗಿ ನಾನು ನಡೆದುಕೊಂಡ ಬಗೆ ಬೇರೆ. ಒಬ್ಬ ಹುಡುಗನು ನಿಬಂಧದಲ್ಲಿ ‘ಸಾಲಿ’ ಎಂದು ಬರೆದಿದ್ದನು. ಅದನ್ನು ‘ಶಾಲೆ’ ಎಂದು ತಿದ್ದಿದ್ದು ತಪ್ಪಲ್ಲ. ಆದರೆ ಎದ್ದು ನಿಲ್ಲಿಸಿ ಇಡೀ ತರಗತಿಗೆ ಕೇಳುವಂತೆ ಓದಿಸಿ ನಗಿಸಿದೆನು. ಆ ವರ್ಷವೆಲ್ಲ ಅವನು ನನ್ನ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಖಾನಾವಳಿಯ ಒಡತಿಯ ಮುಖ ಕೆಂಪಾದಾಗ ನನಗೆ ಕಂಡದ್ದು ಅವನ ಮುಖ.

ಯುದ್ಧಾನಂತರದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1950ರ ದಶಕದಲ್ಲಿ ಪೀತ್ಸವು ದೇಶದ ಮೂಲೆಮೂಲೆಗೂ ಹಬ್ಬಿತು. 1955ರ ಒಂದು ಚಲಚ್ಚಿತ್ರದಲ್ಲಿ ಎರಡು ನಾಯಿಗಳು ಇಂತಹ ಖಾನಾವಳಿಯ ಹಿತ್ತಲಲ್ಲಿ ಒಂದೇ ಎಳೆ ಸ್ಪಗೆಟ್ಟಿಯನ್ನು ತಿನ್ನುವ ದೃಶ್ಯವನ್ನು ನನ್ನ ಮೊಮ್ಮಗನು ನನಗೆ ತೋರಿಸಿದನು. 1970ರ ದಶಕದ ತರುವಾಯ ಗಾಳಿ ತಿರುಗಿತು. ಉತ್ತರ ಇಟಲಿಯ ನವುರಾದ ಅಡಿಗೆಯೇ ನಿಜವಾದ ಇಟಲಿಯದೆಂಬ ಅಭಿರುಚಿ ಬೆಳೆದು, ಹಳೆಯ ಖಾನಾವಳಿಗಳಿಗೆ ‘ಕೆಂಪು ಗೊಜ್ಜಿನ ಅಂಗಡಿ’ ಎಂಬ ತಾತ್ಸಾರದ ಹೆಸರು ಅಂಟಿತು. 1973ರಲ್ಲಿ ಹೊರಬಂದ ಮಾರ್ಚೆಲ್ಲ ಹಾಜಾನ್ ಎಂಬವರ ಪಾಕಗ್ರಂಥವು ಅನೇಕರ ಕಣ್ಣು ತೆರೆಯಿಸಿತು. ಅದು ದೊಡ್ಡ ಕೆಲಸವೇ. ಆದರೆ ಕಣ್ಣು ತೆರೆದವರು ಅಜ್ಜಿಯ ಒಲೆಯನ್ನು ಕಂಡು ಮೂಗು ಮುರಿಯುವುದನ್ನೂ ಕಲಿತರು. ಇನ್ನೊಂದು ಕಡೆಯಿಂದ 1982ರಲ್ಲಿ ಆರಂಭವಾದ ಆಲಿವ್ ಗಾರ್ಡನ್ ಮುಂತಾದ ದೊಡ್ಡ ಕಂಪನಿಗಳು ಅದೇ ಚೌಕಳಿಯ ಆತ್ಮೀಯತೆಯನ್ನು ನೂರಾರು ಊರುಗಳಲ್ಲಿ ಅಚ್ಚುಹಾಕಿ ಮಾರಿದವು.

1996ರಲ್ಲಿ ಬಂದ ‘ಬಿಗ್ ನೈಟ್’ ಎಂಬ ಚಲಚ್ಚಿತ್ರದಲ್ಲಿ ಈ ಕಲಹವೆಲ್ಲ ಇದೆ. ನ್ಯೂ ಜರ್ಸಿಯ ಕಡಲತೀರದಲ್ಲಿ ಇಟಲಿಯಿಂದ ಬಂದ ಅಣ್ಣತಮ್ಮಂದಿರ ಭೋಜನಶಾಲೆ. ಅಣ್ಣನು ಶುದ್ಧ ಸಂಪ್ರದಾಯದ ಬಾಣಸಿಗ. ಗಿರಾಕಿ ಹೆಂಗಸು ಅನ್ನದ ಪದಾರ್ಥವನ್ನು ತರಿಸಿಕೊಂಡು ಅದರ ಜತೆಗೆ ಸ್ಪಗೆಟ್ಟಿಯನ್ನೂ ಕೇಳುತ್ತಾಳೆ. ಅಣ್ಣನು ಒಳಗೆ ಕುದಿಯುತ್ತಾನೆ. ನೋಡುವಾಗ ನಾನು ಅಣ್ಣನ ಪಕ್ಷವನ್ನೇ ವಹಿಸಿದೆನು, ಮುಚ್ಚಿಡುವುದೇಕೆ? ಅಂತೂ ಅವನ ಭೋಜನಶಾಲೆ ನಡೆಯುವುದಿಲ್ಲ.

ಇತ್ತೀಚೆಗೆ ಇಟಲಿಯಲ್ಲಿಯೇ ಈ ವಾದವು ಬಲವಾಗಿದೆ. ಪಾರ್ಮ ವಿಶ್ವವಿದ್ಯಾಲಯದ ಆಲ್ಬೆರ್ತೊ ಗ್ರಾಂದಿ ಎಂಬ ಚರಿತ್ರಕಾರನು, ಸನಾತನವೆನ್ನುವ ಇಟಲಿಯ ಅಡಿಗೆಯ ಬಹುಭಾಗ ಇಪ್ಪತ್ತನೆಯ ಶತಮಾನದ್ದೆಂದೂ, ಅದರಲ್ಲಿ ಅಮೆರಿಕೆಯ ವಲಸೆಗಾರರ ಪಾಲು ದೊಡ್ಡದೆಂದೂ ಹೇಳಿ ಸ್ವದೇಶದವರ ಕೋಪಕ್ಕೆ ಗುರಿಯಾದನು. ಅವನ ಎಲ್ಲ ಮಾತುಗಳನ್ನೂ ಒಪ್ಪಬೇಕಾಗಿಲ್ಲ. 2025ರ ಡಿಸೆಂಬರಿನಲ್ಲಿ ನಮ್ಮ ದಿಲ್ಲಿಯ ಕೆಂಪು ಕೋಟೆಯಲ್ಲಿ ನಡೆದ ಯುನೆಸ್ಕೊ ಸಮಿತಿಯ ಸಭೆಯು ಇಟಲಿಯ ಪಾಕಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ದೀಪಾವಳಿಯು ಸೇರಿದ್ದೂ ಅದೇ ಸಭೆಯಲ್ಲಿ. ಸುದ್ದಿಯನ್ನು ಓದುವಾಗ ಆ ಒಡತಿಯ ಬದನೆಕಾಯಿಗೆ ಅದರಲ್ಲಿ ಎಷ್ಟು ಪಾಲೆಂದು ನನಗೆ ತೋರಿತು.

ಆ ಬದನೆಕಾಯಿಯ ವಿಷಯದಲ್ಲಿ ಒಂದು ತಪ್ಪೊಪ್ಪಿಗೆಯಿದೆ. ಅದು ನಮ್ಮಂತಹ ಸಸ್ಯಾಹಾರಿಗಳಿಗೆ ಸಲ್ಲುವುದೆಂದು ನಾಲ್ಕು ಸಲ ಸಂತೋಷದಿಂದ ಉಂಡೆನು. ಬಳಿಕ, ಪಾರ್ಮಿಜಾನೊ ಗಿಣ್ಣನ್ನು ಹೆಪ್ಪುಗಟ್ಟಿಸಲು ಎಳೆಗರುವಿನ ಜಠರದಿಂದ ತೆಗೆದ ರೆನೆಟ್ ಎಂಬ ವಸ್ತುವನ್ನು ಬಳಸುತ್ತಾರೆಂದು ಪುಸ್ತಕದಲ್ಲಿ ಓದಿದೆನು. ಮಗಳು, “ಅಪ್ಪಾ, ಗೊತ್ತಿಲ್ಲದೆ ಉಂಡದ್ದು” ಎಂದಳು. ಆ ದಿನ ಉಪವಾಸವಿದ್ದೆನು. ಅದನ್ನು ಯಾರಿಗೂ ದೂರಲಿಲ್ಲ. ಮತ್ತೆ ಹೋದಾಗ ಗಿಣ್ಣಿಲ್ಲದೆ ಕೊಡಬಹುದೇ ಎಂದು ಕೇಳಿದೆನು. ಒಡತಿಗೆ ಆಶ್ಚರ್ಯವೇನೂ ಆಗಲಿಲ್ಲ. ತಮ್ಮ ಅಜ್ಜಿಯ ಊರಿನಲ್ಲಿ ಗಿಣ್ಣು ಕೊಳ್ಳಲಾಗದವರು ಒಣಗಿದ ರೊಟ್ಟಿಯನ್ನು ಪುಡಿಮಾಡಿ, ಎಣ್ಣೆಯಲ್ಲಿ ಹುರಿದು, ಗಿಣ್ಣಿನ ಬದಲು ಉದುರಿಸುತ್ತಿದ್ದರೆಂದು ಹೇಳಿ, ಹಾಗೆಯೇ ಮಾಡಿ ತಂದರು. ನಾನು ಆ ಖಾನಾವಳಿಯಲ್ಲಿ ಉಂಡ ಉತ್ತಮವಾದ ಊಟ ಅದು.

ಅಂದು ಜನ ಕಡಿಮೆಯಿದ್ದರು. ಅಜ್ಜಿಯು ಪದಾರ್ಥಗಳ ಹೆಸರುಗಳನ್ನು ಹೇಗೆ ಹೇಳುತ್ತಿದ್ದರೋ ಹಾಗೆಯೇ ಹೇಳಬೇಕೆಂದು ಒಡತಿಯನ್ನು ಕೇಳಿಕೊಂಡೆನು. ಮೊದಲು ಸಂಕೋಚಪಟ್ಟರು, ನಾನು ಹಾಸ್ಯಕ್ಕೆ ಕೇಳುತ್ತಿರುವೆನೆಂದು ಅನುಮಾನಿಸಿದಂತೆ ತೋರಿತು. ನನ್ನ ಪುಸ್ತಕದಲ್ಲಿ ಕನ್ನಡದ ಅಕ್ಷರಗಳಲ್ಲಿ ‘ರಿಗಾಟ್’ ಎಂದು ಬರೆದುದನ್ನು ತೋರಿಸಿದ ಮೇಲೆ ಕುರ್ಚಿಯನ್ನೆಳೆದು ಕುಳಿತರು. ಹದಿನೇಳು ಶಬ್ದಗಳಾದವು. ಅವರ ಮಕ್ಕಳು ಬೇರೆ ಬೇರೆ ಉದ್ಯೋಗಗಳಲ್ಲಿದ್ದು, ಅಂಗಡಿಯನ್ನು ವಹಿಸಿಕೊಳ್ಳುವವರಿಲ್ಲ. ನಮ್ಮ ಕಡೆ ಇಂತಹ ಮನೆಯೂಟದ ಅಂಗಡಿಗೆ ಏನೆನ್ನುತ್ತಾರೆಂದು ಅವರು ಕೇಳಿದರು. ಖಾನಾವಳಿ ಎಂದೆನು. ಎರಡು ಸಲ ಹೇಳಿ ನೋಡಿದರು; ಎರಡನೆಯ ಸಲ ಅದು ‘ಕನವಾಲಿ’ ಎಂದಾಯಿತು. “ಅಜ್ಜಾ, ಅವರು ತಪ್ಪು ಹೇಳಿದರು” ಎಂದು ಮೊಮ್ಮಗನು ಕನ್ನಡದಲ್ಲಿ ಮೆಲ್ಲಗೆ ಅಂದನು. ಸುಮ್ಮನಿರೆಂದು ಅವನ ಕೈ ಹಿಡಿದುಕೊಂಡು, ಒ��ತಿಯು ಕಟ್ಟಿಕೊಟ್ಟ ಉಳಿದ ಊಟದ ಪೊಟ್ಟಣವನ್ನು ತೆಗೆದುಕೊಂಡು ಮನೆಗೆ ಬಂದೆನು.